ಹೆಲಿಕಾಪ್ಟರಿನ ರೆಕ್ಕೆಗೆ ಎಷ್ಟು ಓರೆ?

ಮನೆಯ ವಿದ್ಯುತ್ ಪಂಖವನ್ನು ನಿಲ್ಲಿಸಿ ಒಮ್ಮೆ ಅದರ ರೆಕ್ಕೆಗಳನ್ನು ನೋಡಿ. ಅವು ನೆಲಕ್ಕೆ ಸಮನಾಗಿಲ್ಲ. ಒಂದು ಅಂಚು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಗಾಳಿಯನ್ನು ಕೆಳಕ್ಕೆ ನೂಕುವುದು ಈ ಓರೆಯೇ. ಓರೆಯಿಲ್ಲದ ಪಂಖ ಎಷ್ಟು ರಭಸದಿಂದ ತಿರುಗಿದರೂ ನಮ್ಮ ಬೆವರು ಆರದು. ಪಂಖದ ಓರೆ ಕಾರ್ಖಾನೆಯಲ್ಲಿಯೇ ನಿಶ್ಚಯವಾದದ್ದು. ಹೆಚ್ಚು ಗಾಳಿ ಬೇಕಾದರೆ ನಾವು ವೇಗವನ್ನು ಹೆಚ್ಚಿಸುತ್ತೇವೆ. ಹೆಲಿಕಾಪ್ಟರಿನ ರೀತಿ ಬೇರೆ. ಅಲ್ಲಿ ವೇಗ ಹೆಚ್ಚುಕಡಿಮೆ ಒಂದೇ ಆಗಿದ್ದು, ಏರುವಾಗಲೂ ಇಳಿಯುವಾಗಲೂ ಬದಲಾಗುವುದು ಓರೆ. ಇದಕ್ಕೆ ‘ಪಿಚ್’ ಎಂದು ಹೆಸರು. ಬೆಂಗಳೂರಿನ ಎಚ್.ಎ.ಎಲ್. ನಿರ್ಮಿಸುವ ಧ್ರುವಕ್ಕೂ ಹವ್ಯಾಸಿಯೊಬ್ಬನು ಬಯಲಿನಲ್ಲಿ ಹಾರಿಸುವ ಮಾದರಿಗೂ ತತ್ತ್ವ ಒಂದೇ.

ಮಾದರಿಯೆಂದರೆ ಬರಿಯ ಆಟಿಕೆಯೆಂದು ಭಾವಿಸಬೇಡಿ. ಅಮೆರಿಕದ ಆರ್ಥರ್ ಯಂಗ್ ತನ್ನ ಹೆಲಿಕಾಪ್ಟರನ್ನು ರೂಪಿಸಿದ್ದು ಸಣ್ಣ ಮಾದರಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿಯೇ. 1941ರಲ್ಲಿ ಆತ ಅಂಥದೊಂದು ಮಾದರಿಯನ್ನು ಬೆಲ್ ಕಂಪನಿಯವರ ಎದುರಿಗೆ ಹಾರಿಸಿ ತೋರಿಸಿದ. ಅದರ ಫಲವಾದ ಬೆಲ್ 47, ನಾಗರಿಕ ಬಳಕೆಗೆ ಅನುಮತಿ ಪಡೆದ ಮೊದಲ ಹೆಲಿಕಾಪ್ಟರೆಂದು 1946ರಲ್ಲಿ ಹೆಸರಾಯಿತು. ರೇಡಿಯೋ ಅಲೆಗಳಿಂದ ನಡೆಸುವ ಮಾದರಿಗಳು ಹವ್ಯಾಸಿಗಳ ಕೈಗೆ ಬಂದದ್ದು 1970ರ ಸುಮಾರಿಗೆ, ಜರ್ಮನಿಯ ಡೀಟರ್ ಶ್ಲೂಟರ್ ಅವರ ಪರಿಶ್ರಮದಿಂದ.

ಈಗ ಮೇಜಿನ ಬಳಿಗೆ ಬರೋಣ. ಮೊಟ್ಟಮೊದಲು ಮೋಟಾರಿನ ತಂತಿಗಳನ್ನು ಕಳಚಿಡಬೇಕು. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. 600 ಮಿಲಿಮೀಟರ್ ಉದ್ದದ ರೆಕ್ಕೆಗಳುಳ್ಳ ಮಾದರಿಯ ಚಕ್ರದ ಅಡ್ಡಳತೆ ಸುಮಾರು 1.35 ಮೀಟರ್. ಅದು ನಿಮಿಷಕ್ಕೆ 2000 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ 500 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸಾಗುತ್ತದೆ! 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ 19 ವರ್ಷದ ತರುಣನೊಬ್ಬ ತಾನೇ ಹಾರಿಸುತ್ತಿದ್ದ ಮಾದರಿಯ ರೆಕ್ಕೆ ತಗುಲಿ ಪ್ರಾಣ ಕಳೆದುಕೊಂಡ. ಮಗನ ಹಟಕ್ಕೆ ಮಣಿದು ಇಂಥ ಯಂತ್ರವನ್ನು ಕೊಳ್ಳಹೊರಟ ತಂದೆತಾಯಿಗಳಿಗೆ ಇದು ತಿಳಿದಿರಬೇಕು.

ರೆಕ್ಕೆಯನ್ನು ಓರೆ ಮಾಡುವ ವ್ಯವಸ್ಥೆ ಸೊಗಸಾದದ್ದು. ಕಂಬದ ಸುತ್ತ ‘ಸ್ವಾಶ್‌ಪ್ಲೇಟ್’ ಎಂಬ ಜೋಡಿ ತಟ್ಟೆಗಳಿವೆ. ಕೆಳಗಿನದು ತಿರುಗುವುದಿಲ್ಲ, ಮೇಲಿನದು ರೆಕ್ಕೆಗಳೊಡನೆ ತಿರುಗುತ್ತದೆ. ‘ಸರ್ವೋ’ ಎಂಬ ಪುಟ್ಟ ಯಂತ್ರಗಳು ರೇಡಿಯೋದ ಆಜ್ಞೆಯಂತೆ ತಟ್ಟೆಯನ್ನು ಎತ್ತುತ್ತವೆ, ಇಳಿಸುತ್ತವೆ. ಕೊಂಡಿಗಳು ಆ ಚಲನೆಯನ್ನು ರೆಕ್ಕೆಗಳಿಗೆ ಮುಟ್ಟಿಸುತ್ತವೆ. ಕೈಯಲ್ಲಿರುವ ಪೆಟ್ಟಿಗೆಯ ಸನ್ನೆ ನಟ್ಟನಡುವೆ ಇರುವಾಗ ಸರ್ವೋಗಳ ತೋಳು ಲಂಬಕೋನದಲ್ಲಿರಬೇಕು, ತಟ್ಟೆ ಮಟ್ಟಸವಾಗಿರಬೇಕು, ರೆಕ್ಕೆಗೆ ಕಚ್ಚಿಸಿದ ಪಿಚ್ ಗೇಜು ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಕೊಂಡಿಯನ್ನು ತಿರುಚಿ ಸರಿಪಡಿಸಬೇಕು. ಕಣ್ಣಳತೆ ಇಲ್ಲಿ ಕೆಲಸಕ್ಕೆ ಬಾರದು. ಒಂದು ಡಿಗ್ರಿಯ ಓರೆಯನ್ನು ಕಣ್ಣು ಗುರುತಿಸಲಾರದು, ಗಾಳಿ ಗುರುತಿಸುತ್ತದೆ.

ಸೊನ್ನೆಯಿಂದ ಮೇಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂಬುದೇ ಮುಂದಿನ ಪ್ರಶ್ನೆ. ಆಕಾಶದಲ್ಲಿ ತಲೆಕೆಳಗಾಗಿ ಹಾರಿಸುವ ನಿಪುಣರು ಎರಡು ಕಡೆಗೂ 11, 12 ಡಿಗ್ರಿ ಇಟ್ಟುಕೊಳ್ಳುತ್ತಾರೆ. ಹೊಸಬ ಅದನ್ನು ಅನುಕರಿಸಿದರೆ ಕೆಟ್ಟ. ಯಂತ್ರ ತುಸು ಮೇಲೆದ್ದೊಡನೆ ಅವನಿಗೆ ದಿಗಿಲು. ಸನ್ನೆಯನ್ನು ಪೂರ್ತಿ ಕೆಳಕ್ಕೆ ಎಳೆಯುತ್ತಾನೆ. ಋಣ 11 ಡಿಗ್ರಿಯ ರೆಕ್ಕೆಗಳು ಯಂತ್ರವನ್ನು ನೆಲಕ್ಕೆ ಅಪ್ಪಳಿಸುತ್ತವೆ. ಬಾಗಿದ ರೆಕ್ಕೆ ತನ್ನ ಬಾಲವನ್ನು ತಾನೇ ಕತ್ತರಿಸಿಕೊಳ್ಳುವುದೂ ಉಂಟು. ಆದ್ದರಿಂದ ಅವನಿಗೆ ಮೇಲೆ 9 ಅಥವಾ 10, ಕೆಳಗೆ ಋಣ 3 ಸಾಕು. ನಿಂತಲ್ಲೇ ತೇಲಲು 5, 6 ಡಿಗ್ರಿಯಷ್ಟು ಬೇಕಾಗುತ್ತದೆ. ಇಂದಿನ ಪೆಟ್ಟಿಗೆಗಳಲ್ಲಿ ಈ ಮಿತಿಗಳನ್ನು ಗುಂಡಿಯೊತ್ತಿ ನಿಗದಿಪಡಿಸಬಹುದು. ಧನಕೋನ ಅತಿಯಾದರೂ ಕೇಡೇ. ಮೋಟಾರು ಭಾರ ತಾಳದೆ ನರಳಿ, ವೇಗ ಕುಸಿಯುತ್ತದೆ.

ಹಾಗಾದರೆ ಋಣಕೋನವೇ ಬೇಡವೆನ್ನಬಹುದಲ್ಲ? ಬೇಡವೆಂದರೆ ಮೋಟಾರು ನಿಂತ ಗಳಿಗೆಯಲ್ಲಿ ಗತಿಯಿಲ್ಲ. ಮಹಾಗನಿ ಮರದ ಬೀಜ ಗಿರಗಿರನೆ ತಿರುಗುತ್ತ ನಿಧಾನವಾಗಿ ಇಳಿಯುವುದನ್ನು ಕಂಡಿದ್ದೀರಾ? ಮೋಟಾರು ನಿಂತಾಗ ಓರೆಯನ್ನು ತುಸು ಋಣಕ್ಕೆ ಇಳಿಸಿದರೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುತ್ತದೆ. ನೆಲ ಸಮೀಪಿಸಿದಾಗ ಓರೆಯನ್ನು ಧನಕ್ಕೆ ಏರಿಸಿದರೆ, ರೆಕ್ಕೆಗಳಲ್ಲಿ ಕೂಡಿಟ್ಟ ರಭಸವೆಲ್ಲ ಎತ್ತುವ ಬಲವಾಗಿ ಯಂತ್ರ ಮೆಲ್ಲನೆ ಕೂರುತ್ತದೆ. ಅವಕಾಶ ಒಂದೇ ಒಂದು ಸಲ. ಮುಂಚೆ ಏರಿಸಿದರೆ ರಭಸ ಮುಗಿದುಹೋಗುತ್ತದೆ. ಹವ್ಯಾಸಿಗಳು ಈ ವಿದ್ಯೆಯನ್ನು ಇಷ್ಟು ಆದರಿಸುವುದು ಸಹಜವೇ.

ಉಳಿದದ್ದು ಎರಡು ರೆಕ್ಕೆಗಳ ಹೊಂದಾಣಿಕೆ. ಎರಡರ ತುದಿಗೂ ಬೇರೆಬೇರೆ ಬಣ್ಣದ ಪಟ್ಟಿ ಅಂಟಿಸಿ, ಬಯಲಿನಲ್ಲಿ ಯಂತ್ರವನ್ನು ನಡೆಸಿ, ಸಾಕಷ್ಟು ದೂರ ನಿಂತು ಪಕ್ಕದಿಂದ ನೋಡಬೇಕು. ಬಣ್ಣಗಳು ಒಂದೇ ಗೆರೆಯಲ್ಲಿ ಬೆರೆತರೆ ಸರಿ. ಕೆಂಪು ಮೇಲೆ, ಹಳದಿ ಕೆಳಗೆ ಕಂಡರೆ ಕೆಂಪು ರೆಕ್ಕೆಯ ಓರೆ ಹೆಚ್ಚಾಗಿದೆ, ಯಂತ್ರ ನಡುಗುತ್ತದೆ. ಆಗ ಯಂತ್ರವನ್ನು ನಿಲ್ಲಿಸಿ, ತಂತಿಯನ್ನು ಮತ್ತೆ ಕಳಚಿ, ಕೆಂಪು ರೆಕ್ಕೆಯ ಕೊಂಡಿಯನ್ನು ಅರ್ಧ ಸುತ್ತು ತಿರುಗಿಸಿ ಪುನಃ ನೋಡುವುದು. ಒಮ್ಮೊಮ್ಮೆ ಇದರಲ್ಲೇ ಒಂದು ಸಂಜೆ ಕಳೆದುಹೋಗುತ್ತದೆ, ಯಂತ್ರ ನೆಲಬಿಟ್ಟು ಏಳದೆಯೇ.