ರಿಪೇರಿ ಬಾಕಿ, ಕಟ್ಟಡದ ಬಾಕಿ: ತಪ್ಪು ಕಲ್ಪನೆ ಮತ್ತು ಸತ್ಯ

ಮಾಡಿದ ಕೆಲಸಕ್ಕೆ ಹಣ ಬರುವವರೆಗೆ ಒಡೆಯನ ವಸ್ತುವನ್ನು ತಡೆಹಿಡಿಯುವ ಹಕ್ಕನ್ನು ಕಾನೂನು ಲಿಯನ್ ಎನ್ನುತ್ತದೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ತೋಟದ ಜೀಪು, ಕಾಫಿ ಪಲ್ಪರ್, ಹೋಂಸ್ಟೇ ಕಟ್ಟಡ ಇವುಗಳ ಬಾಕಿ ವ್ಯಾಜ್ಯಕ್ಕೆ ತಿರುಗಿದಾಗ ಈ ಹಕ್ಕಿನ ಮಿತಿ ತಿಳಿದಿರಬೇಕಾಗುತ್ತದೆ.

ತಪ್ಪು ಕಲ್ಪನೆ: ಕೂಲಿ ಬಾಕಿಯಿದ್ದರೆ ಮೇಸ್ತ್ರಿಗೆ ಕಟ್ಟಡದ ಮೇಲೆಯೇ ಹಕ್ಕು ಬರುತ್ತದೆ.

ಸತ್ಯ: ಅಮೆರಿಕದಲ್ಲಿ ಅಂಥ ಹಕ್ಕುಂಟು. ಮೇರಿಲ್ಯಾಂಡ್ 1791ರಲ್ಲೇ ಇದಕ್ಕಾಗಿ ಕಾಯ್ದೆ ಮಾಡಿತು. ಬಾಕಿಗಾಗಿ ಕೋರ್ಟು ಕಟ್ಟಡವನ್ನೇ ಮಾರಾಟಕ್ಕಿಡಬಹುದು. ಭಾರತದಲ್ಲಿ ಅಂಥ ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆಯ 170ನೇ ಕಲಂ ಕೊಡುವ ಲಿಯನ್ ಹಕ್ಕು ಕೆಲಸಕ್ಕೆಂದು ವಶಕ್ಕೆ ಕೊಟ್ಟ ಚರ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತದೆ. ಮೇಸ್ತ್ರಿ ಹಣದ ದಾವೆ ಹೂಡಬೇಕು. ಡಿಕ್ರಿ ತಪ್ಪಿಸಲೆಂದೇ ಮಾಲೀಕ ಆಸ್ತಿ ಪರಭಾರೆ ಮಾಡಲು ಹೊರಟರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಡಿ ತೀರ್ಪಿಗೆ ಮುಂಚೆಯೇ ಜಪ್ತಿ ಕೋರಬಹುದು.

ತಪ್ಪು ಕಲ್ಪನೆ: ಬಿಲ್ಲು ಕಟ್ಟದ ಜೀಪನ್ನು ಗ್ಯಾರೇಜಿನವರು ಮಾರಿಬಿಡಬಹುದು.

ಸತ್ಯ: ಹಿಡಿದಿಡಬಹುದು, ಮಾರುವಂತಿಲ್ಲ. ನೋಟಿಸು ಕೊಟ್ಟು ಮಾರುವ ಅಧಿಕಾರವನ್ನು 176ನೇ ಕಲಂ ಕೊಡುವುದು ಅಡವು ಹಿಡಿದವರಿಗೆ. ರಿಪೇರಿ ಮಾಡಿದವರು ದಾವೆ ಹೂಡಿ, ಡಿಕ್ರಿ ಪಡೆದು, ಅಮಲ್ಜಾರಿ ಅರ್ಜಿ ಹಾಕಿ ಕೋರ್ಟಿನ ಮೂಲಕವೇ ಜೀಪನ್ನು ಜಪ್ತಿ ಮಾಡಿಸಿ ಹರಾಜು ಹಾಕಿಸಬೇಕು.

ತಪ್ಪು ಕಲ್ಪನೆ: ಹಿಂದಿನ ವರ್ಷದ ಬಾಕಿಗೂ ಈ ಸಲದ ಜೀಪನ್ನು ತಡೆಯಬಹುದು.

ಸತ್ಯ: ಯಾವ ವಸ್ತುವಿನ ಮೇಲೆ ಯಾವ ಕೆಲಸ ನಡೆಯಿತೋ ಅದರ ಹಣಕ್ಕಷ್ಟೇ ಆ ವಸ್ತುವನ್ನು ತಡೆಯಬಹುದು. ಎಲ್ಲ ಬಾಕಿಗೂ ಸೇರಿಸಿ ತಡೆಯುವ ಹಕ್ಕು, ಸ್ಪಷ್ಟ ಕರಾರಿಲ್ಲದಿದ್ದರೆ, 171ನೇ ಕಲಂ ಹೆಸರಿಸುವ ಬ್ಯಾಂಕರ್ ಮೊದಲಾದ ಕೆಲವರಿಗೆ ಮಾತ್ರ. ವಕೀಲರು ಶುಲ್ಕಕ್ಕಾಗಿ ಕಕ್ಷಿದಾರರ ಕಡತ ಹಿಡಿದಿಡುವಂತಿಲ್ಲ ಎಂದೂ ಸುಪ್ರೀಂ ಕೋರ್ಟ್ 2000ರಲ್ಲಿ ಹೇಳಿದೆ.

ತಪ್ಪು ಕಲ್ಪನೆ: ಸಾಲಕ್ಕೆ ಒಪ್ಪಿದರೂ ತಡೆಯುವ ಹಕ್ಕು ಉಳಿಯುತ್ತದೆ.

ಸತ್ಯ: “ಕಾಫಿ ಮಾರಿದ ಮೇಲೆ ಕೊಡ್ತೀನಿ” ಎಂಬ ಮಾತಿಗೆ ಗ್ಯಾರೇಜಿನವರು ಮೊದಲೇ ಒಪ್ಪಿದ್ದರೆ ಜೀಪು ಹಿಡಿದಿಡುವಂತಿಲ್ಲ. ಕಾಯ್ದೆಯೇ ಕೊಟ್ಟಿರುವ ಉದಾಹರಣೆಯಲ್ಲಿ, ಹೊಲಿದ ಕೂಡಲೇ ಕೋಟು ಕೊಡುವುದಾಗಿಯೂ ಹಣಕ್ಕೆ ಮೂರು ತಿಂಗಳು ಕಾಯುವುದಾಗಿಯೂ ಒಪ್ಪಿದ ದರ್ಜಿಗೆ ಕೋಟು ಇಟ್ಟುಕೊಳ್ಳುವ ಹಕ್ಕಿಲ್ಲ. ವಸ್ತುವನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟರೂ ಹಕ್ಕು ಹೋಗುತ್ತದೆ. ಹಣದ ಬಾಕಿ ಮಾತ್ರ ಹಾಗೇ ಉಳಿಯುತ್ತದೆ.

ತಪ್ಪು ಕಲ್ಪನೆ: ಬಾಕಿಗೆ ಯಾವಾಗ ಬೇಕಾದರೂ ಕೋರ್ಟಿಗೆ ಹೋಗಬಹುದು.

ಸತ್ಯ: ಹಣ ಕೊಡುವ ದಿನ ಗೊತ್ತುಮಾಡಿಕೊಂಡಿಲ್ಲದಿದ್ದರೆ, 1963ರ ಕಾಲಮಿತಿ ಕಾಯ್ದೆಯ 18ನೇ ಅನುಚ್ಛೇದದಂತೆ ಕೆಲಸ ಮುಗಿದ 3 ವರ್ಷದೊಳಗೆ ದಾವೆ ಹೂಡಬೇಕು. ಅಷ್ಟರೊಳಗೆ ಸಾಲಗಾರ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದ್ದರೆ, ಆ ದಿನದಿಂದ ಅವಧಿ ಹೊಸದಾಗಿ ಶುರುವಾಗುತ್ತದೆ.