ಕಾಯುವ ಹೊತ್ತಿಗೂ ಬೆಲೆಯುಂಟು

ಪರಿಸರಸ್ನೇಹಿ ಸಾರಿಗೆಯ ಚರ್ಚೆ ನಮ್ಮಲ್ಲಿ ವಿದ್ಯುತ್ ಕಾರಿನಿಂದ ಆರಂಭವಾಗಿ ಮೆಟ್ರೊದಲ್ಲಿ ಮುಗಿಯುತ್ತದೆ. ಅತಿ ಕಡಿಮೆ ಇಂಧನ ಬಳಸುವವರು ಕಾಲ್ನಡಿಗೆ, ಸೈಕಲ್, ಬಸ್ಸನ್ನು ನಂಬಿದವರು; ಅವರ ಮಾತು ಅಲ್ಲಿ ಬರುವುದೇ ಇಲ್ಲ. ರಾಜ್ಯದಲ್ಲಿ 2024ರವರೆಗೆ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರಿಗೂ ರಸ್ತೆ ತೆರಿಗೆ ವಿನಾಯಿತಿಯಿತ್ತು.

ಬಳ್ಳಾರಿಯ ಹೊರವಲಯದ ಹಲಕುಂದಿಯಂತಹ ಊರುಗಳನ್ನು ಗಮನಿಸಿ. ಕೂಲಿ, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ನಗರವೇ ಗತಿ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣವನ್ನು ಉಚಿತಗೊಳಿಸಿತು. ಅದು ಸ್ವಾಗತಾರ್ಹ. ಆದರೆ ಅರ್ಥಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಟಿಕೆಟ್ ಪ್ರಯಾಣದ ವೆಚ್ಚದ ಒಂದು ಭಾಗ ಮಾತ್ರ. ಕಾಯುವ ಸಮಯ ಇನ್ನೊಂದು. ದಿನಗೂಲಿಯವರಿಗೆ ಬಸ್ಸು ತಪ್ಪಿದರೆ ಆ ದಿನದ ಕೂಲಿಯೂ ತಪ್ಪುತ್ತದೆ.

ಸೇವೆಯಲ್ಲಿದ್ದಾಗ ಒಂದು ವಿಚಿತ್ರ ಕಂಡಿದ್ದೇನೆ: ಕಡತದಲ್ಲಿ ‘ನಷ್ಟದ ಮಾರ್ಗ’ ಎಂಬ ಷರಾ ಬಿದ್ದರೆ ಬಸ್ಸಿನ ಟ್ರಿಪ್ ಕಡಿತಗೊಳ್ಳುತ್ತದೆ, ರಸ್ತೆ ಅಗಲೀಕರಣದ ಕಡತದಲ್ಲಿ ಲಾಭ-ನಷ್ಟದ ಪ್ರಶ್ನೆಯೇ ಏಳುವುದಿಲ್ಲ.

ಮೂರು ಲಕ್ಷ ಮೀರಿದ ನಗರಗಳಿಗೆ 10,000 ವಿದ್ಯುತ್ ಬಸ್ಸು ಒದಗಿಸುವ ಯೋಜನೆಯನ್ನು ಕೇಂದ್ರ 2023ರಲ್ಲಿ ಪ್ರಕಟಿಸಿತು. ಬಳ್ಳಾರಿಯ ಜನಸಂಖ್ಯೆ 2011ರಲ್ಲೇ ನಾಲ್ಕು ಲಕ್ಷ ದಾಟಿತ್ತು. ಇಂಥ ಬಸ್ಸುಗಳ ವೇಳಾಪಟ್ಟಿಯನ್ನು ಬರೆಯುವಾಗ ನಗರದ ಅಂಚಿನಿಂದ, ಕೂಲಿಯವರು ಮನೆ ಬಿಡುವ ಹೊತ್ತಿನಿಂದ ಆರಂಭಿಸಬೇಕು.