ಡಿಶ್ ಯಾವ ಕಡೆ ತಿರುಗಬೇಕು?



ನಮ್ಮ ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಮನೆಯಲ್ಲಿ ಕನ್ನಡ ಕೇಳಿಸುತ್ತದೆಯೇ? ಅಮ್ಮ ಬೆಂಗಳೂರಿನಿಂದ ಬಂದು ಕೋಲ್ಕತ್ತಾದಲ್ಲಿ ನಮ್ಮ ಜೊತೆ ಇರತೊಡಗಿದ ಮೇಲೆ ನನಗೆ ಈ ಪ್ರಶ್ನೆ ಬಂತು. ಅಮ್ಮನಿಗೆ ಬಂಗಾಳಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ನಾವು ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಕನ್ನಡದ ಮಾತಿಲ್ಲ. "ಊರಿಗೆಲ್ಲ ಕನ್ನಡ ಕೇಳಿಸ್ತೀಯ, ಮನೇಲಿ ಮಾತ್ರ ಇಲ್ಲ ನೋಡು" ಎಂದು ನಗುತ್ತಲೇ ಅಂದರು. ನನಗೆ ನಾಟಿತು.

ಹಳೆಯ ಕೇಳುಗರಿಗೆ ವರ್ಲ್ಡ್‌ಸ್ಪೇಸ್ ರೇಡಿಯೊ ನೆನಪಿರಬಹುದು. ಅದರಲ್ಲಿ 'ಸ್ಪರ್ಶ' ಎಂಬ ಕನ್ನಡ ವಾಹಿನಿ ಇತ್ತು. 2009ರ ಕೊನೆಗೆ ಸೇವೆಯೇ ನಿಂತುಹೋಯಿತು. ಈಗ ತಿಂಗಳ ಶುಲ್ಕವಿಲ್ಲದೆ ಸಿಗುವುದು ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದದ್ದು ಇದೇ. ದೂರದರ್ಶನ ಚಂದನದ ಜೊತೆಗೆ ಆಕಾಶವಾಣಿಯ ಕನ್ನಡವೂ ಇದರಲ್ಲಿದೆ.

ಡಿಶ್ ತಂದು ನಾನೇ ಕೂರಿಸಲು ಹೋದೆ. ಬೆಂಗಳೂರಿನ ನಮ್ಮ ಮನೆಯಲ್ಲಿದ್ದಂತೆ ಆಗ್ನೇಯಕ್ಕೆ ತಿರುಗಿಸಿದೆ. ಇಡೀ ಭಾನುವಾರ ತಾರಸಿಯಲ್ಲಿ ಕಳೆದರೂ ಚಿತ್ರ ಬರಲಿಲ್ಲ. ತಪ್ಪು ನನ್ನದೇ.

ಕಾರಣ ಸರಳ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ; ಹಾಗಾಗಿ ಅಲ್ಲಿಂದ ಉಪಗ್ರಹ ಆಗ್ನೇಯಕ್ಕೆ ಕಾಣುತ್ತದೆ. ಕೋಲ್ಕತ್ತಾ 88.4 ಡಿಗ್ರಿಯಲ್ಲಿದೆ. ಇಲ್ಲಿಂದ ಅದು ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ, ಪೂರ್ವಕ್ಕೆ ಸುಮಾರು 13 ಡಿಗ್ರಿ ಮಾತ್ರ ವಾಲಿದೆ. ದಿಕ್ಸೂಚಿಯಲ್ಲಿ 167 ಡಿಗ್ರಿ ನೋಡಿ. ಕಬ್ಬಿಣದ ಕಂಬಿಯಿಂದ ದೂರ ನಿಂತು ನೋಡಿ, ಇಲ್ಲವಾದರೆ ಮುಳ್ಳು ಮೋಸ ಮಾಡುತ್ತದೆ. ಪಕ್ಕದ ಮನೆಯ ಡಿಶ್ ನೋಡಿ ತಿರುಗಿಸಬೇಡಿ. ಅದು ಬೇರೆ ಕಂಪನಿಯದಾದರೆ ಉಪಗ್ರಹವೂ ಬೇರೆ ಇರಬಹುದು.

ಎತ್ತರದ ಕೋನ ಸುಮಾರು 63 ಡಿಗ್ರಿ. ಆದರೆ ಡಿಶ್‌ನ ಮುಖ ಅಷ್ಟು ಮೇಲಕ್ಕೆ ನೋಡುವಂತೆ ಕಾಣುವುದಿಲ್ಲ, ಅದರ ರಚನೆಯೇ ಹಾಗೆ. ಹಿಂಬದಿಯ ಪಟ್ಟಿಯಲ್ಲಿರುವ ಡಿಗ್ರಿ ಗುರುತನ್ನೇ ನಂಬಿ. ಇಲ್ಲಿನ ಇಕ್ಕಟ್ಟಾದ ಗಲ್ಲಿಗಳಲ್ಲಿರುವವರಿಗೆ ಈ ಎತ್ತರದಿಂದ ಒಂದು ಅನುಕೂಲವಿದೆ. ಎದುರಿನ ಕಟ್ಟಡ 10 ಅಡಿ ದೂರದಲ್ಲಿದ್ದರೆ, ಅದು ಡಿಶ್‌ಗಿಂತ ಸುಮಾರು 20 ಅಡಿ ಮೇಲೆದ್ದಾಗ ಮಾತ್ರ ಅಡ್ಡಿ. ಬಾಲ್ಕನಿಯಲ್ಲಿ ಕೂರಿಸುವವರು ಮೇಲಿನ ಮನೆಯ ಛಾವಣಿ ಅಡ್ಡ ಬಾರದಂತೆ ಹೊರಗೆ ಚಾಚಿ ಕಟ್ಟಬೇಕು. ಬಂಗಾಳಿಗಳು ಗಾಳಿಗಾಗಿ ಆಸೆಪಡುವ 'ದೊಕ್ಖಿನ್ ಖೋಲಾ' ಮನೆ, ಅಂದರೆ ದಕ್ಷಿಣಕ್ಕೆ ತೆರೆದ ಮನೆ, ಚಂದನಕ್ಕೂ ಒಳ್ಳೆಯದೇ!

ಇನ್ನು ಟಿವಿ ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಡಿಶ್ ಎತ್ತ ತಿರುಗಿದ್ದರೂ ಸ್ಟ್ರೆಂತ್ ಒಂದಿಷ್ಟು ತೋರಿಸುತ್ತದೆ. ಕ್ವಾಲಿಟಿ ಏರಿದರಷ್ಟೇ ಉಪಗ್ರಹ ಸಿಕ್ಕಿದೆ ಎಂದರ್ಥ. ಒಬ್ಬರು ಟಿವಿ ಮುಂದೆ ಕೂತು ಫೋನಿನಲ್ಲಿ ಹೇಳುತ್ತಿರಲಿ, ಮೇಲಿರುವವರು ಕೂದಲೆಳೆಯಷ್ಟೇ ಸರಿಸಿ, ಎರಡು ಕ್ಷಣ ನಿಲ್ಲಿಸಿ, ಮತ್ತೆ ಸರಿಸಲಿ. ಕ್ವಾಲಿಟಿ ಅತಿ ಹೆಚ್ಚು ಬಂದಲ್ಲಿ ಬೋಲ್ಟ್ ಬಿಗಿಯಿರಿ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಇರುವುದನ್ನೇ ಕೇಳಿ. ಹಳೆಯ ಎಂಪೆಗ್-2 ವಾಹಿನಿಗಳೂ ಅದರಲ್ಲಿ ಬರುತ್ತವೆ. ಕೇಬಲ್‌ಗೆ ನಡುವೆ ಜಾಯಿಂಟ್ ಬೇಡ. ಎಲ್‌ಎನ್‌ಬಿ ಬಳಿ ನೀರು ಇಳಿಯದಂತೆ ಟೇಪ್ ಸುತ್ತಿ.

ಕಾಲಬೈಶಾಖಿ ಬಿರುಗಾಳಿ ಮಳೆ ಬಂದಾಗ ಚಿತ್ರ ಚೂರುಚೂರಾಗುತ್ತದೆ. ದಟ್ಟ ಮಳೆ ಈ ತರಂಗಗಳನ್ನು ಹೀರಿಕೊಳ್ಳುವುದೇ ಕಾರಣ. ಆಗ ತಾರಸಿಗೆ ಓಡಬೇಡಿ. ಸಿಡಿಲಿನ ಅಪಾಯವೂ ಇದೆ. ಬಾಕ್ಸ್‌ನ ಪ್ಲಗ್ ಕಿತ್ತಿಟ್ಟು ಕಾಯಿರಿ, ಮಳೆ ನಿಂತರೆ ಎಲ್ಲ ಸರಿಹೋಗುತ್ತದೆ. ಮಳೆ ನಿಂತ ಮೇಲೂ ಬಾರದಿದ್ದರೆ ಗಾಳಿಗೆ ಡಿಶ್ ಸರಿದಿರಬೇಕು. ಮೊದಲೇ ಬಣ್ಣದಲ್ಲಿ ಗುರುತು ಹಾಕಿಟ್ಟಿದ್ದರೆ ಮತ್ತೆ ಕೂರಿಸುವುದು ಐದು ನಿಮಿಷದ ಕೆಲಸ.

ವಯಸ್ಸಾದವರಿಗಾಗಿ ಒಂದು ಮಾತು. ಬಾಕ್ಸ್‌ನ ಹಿಂದಿರುವ ಆಡಿಯೊ ಸಾಕೆಟ್‌ನಿಂದ ಸ್ಪೀಕರ್‌ಗೆ ತಂತಿ ಕೊಟ್ಟರೆ ಟಿವಿ ಆರಿಸಿಯೂ ರೇಡಿಯೊ ಕೇಳಬಹುದು. ಅಮ್ಮ ಈಗ ಹಾಗೇ ಮಾಡುತ್ತಾರೆ. ಮೊನ್ನೆ ನಾನು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಕನ್ನಡ ವಾರ್ತೆ ಕೇಳಿಸುತ್ತಿತ್ತು. ಮಾತಾಡಿಸಲು ಹೋದರೆ, "ಸ್ವಲ್ಪ ಇರು, ಮುಗೀಲಿ" ಅಂದರು.

ನಿಮ್ಮ ಮನೆಯ ಡಿಶ್ ಕಥೆ ನಮಗೆ ಬರೆದು ತಿಳಿಸಿ. ಮತ್ತೆ ಬಾನುಲಿಯಲ್ಲಿ ಸಿಗೋಣ.